ಹನ್ನೆರಡನೇ ಕಲಮು

ಅರ್ಜಿಯ ಹನ್ನೊಂದು ಕಲಮುಗಳವರೆಗೆ ಎಲ್ಲ ಸರಿಯಾಗಿಯೇ ಇತ್ತು. ಹನ್ನೆರಡನೆಯದು ಗುಮಾಸ್ತನ ಗಂಟಲು ಹಿಡಿಯಿತು: ‘ದೋಣಿ ನಡೆಸುವವರಿಗೆ ಈಜು ಬರಬೇಕು, ತರಬೇತುದಾರರ ಪ್ರಮಾಣಪತ್ರ ಲಗತ್ತಿಸಿ.’

ಕಾಲುವೆಯಲ್ಲಿ ಬಾಡಿಗೆ ದೋಣಿಯನ್ನು ತಾವೇ ನಡೆಸುವ ನಾಲ್ಕು ದಿನದ ಪ್ರವಾಸಕ್ಕೆ ಅರ್ಜಿ ಕೊಡಲು ಅಂದೇ ಕಡೆಯ ದಿನ. ಗುಮಾಸ್ತನೋ, ನೀರು ಸರಬರಾಜು ಕಚೇರಿಯಲ್ಲಿ ಹದಿನೆಂಟು ವರ್ಷ ಸವೆಸಿದ್ದರೂ ಬಕೆಟ್ಟಿಗಿಂತ ಆಳದ ನೀರನ್ನು ಮುಟ್ಟಿದವನಲ್ಲ.

ಬಿಡುವಂತೆಯೂ ಇರಲಿಲ್ಲ. ಹದಿನೈದು ದಿನದ ಹಿಂದೆ ಮನೆಮಂದಿಗೆಲ್ಲ ಕೆಮ್ಮು ಹಿಡಿದು ಎಲ್ಲರೂ ಎಕ್ಸ್‌ರೇ ತೆಗೆಸಿದ್ದರು. ರಿಪೋರ್ಟು ತರಲು ಹೋದ ಅಪ್ಪ ಮುಖ ಬಾಡಿಸಿಕೊಂಡು ಬಂದು, “ಏನೂ ಇಲ್ವಂತೆ. ಎಲ್ಲಾರೂ ಒಂದ್ಸಲ ದೋಣೀಲಿ ಹೋಗ್ಬರೋಣ ಕಣೋ, ಬೇಗ,” ಎಂದಿದ್ದರು. ಆ ಸಂಜೆ ಹೆಂಡತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗುಮಾಸ್ತನಿಗೆ ಅರ್ಥವಾಯಿತು. ಎಪ್ಪತ್ತೆರಡರ ಮುದುಕನ ಕೊನೆಯ ಆಸೆ.

ಕಚೇರಿಯಲ್ಲಿ ಸಲಹೆಗೇನು ಬರವೇ?

“ಈಜು ಬಂದ್ರೆ ತಾನೆ ಏನು?” ಎಂದ ಹೆಡ್ ಕ್ಲರ್ಕು. “ನಮ್ಮ ಷಡ್ಡಕ ಚಾಂಪಿಯನ್ನು. ಮೊಣಕಾಲುದ್ದ ನೀರಲ್ಲಿ ಹೋದ.”

“ಮುಳುಗಿದೋರು ಮೂರನೇ ದಿನಕ್ಕೆ ಮೇಲೆ ಬರ್ತಾರಂತೆ,” ಟೈಪಿಸ್ಟಮ್ಮ ಸಮಾಧಾನ ಹೇಳಿದಳು. “ನಿಮ್ಮದು ನಾಲ್ಕು ದಿನದ ಪ್ರವಾಸ ಅಲ್ವಾ, ಟೈಮಿದೆ ಬಿಡಿ.”

ನಾಲ್ಕು ಗಂಟೆಯ ಚಹಾ ಬಿಡುವಿನಲ್ಲಿ ಇಡೀ ಶಾಖೆ ಗುಮಾಸ್ತನನ್ನು ಈಜುಕೊಳಕ್ಕೆ ಮೆರವಣಿಗೆಯಲ್ಲಿ ಒಯ್ದಿತು. ಪೀಪಾಯಿಯಂಥ ತರಬೇತುದಾರ, “ಆ ದಡ ಮುಟ್ಟಿ, ಸಹಿ ಹಾಕ್ತೀನಿ,” ಎಂದ.

“ಕೈ ಬಡೀರಿ, ಕಾಲು ಬಡೀರಿ, ಅಷ್ಟೇ!” ಎನ್ನುತ್ತ ಹೆಡ್ ಕ್ಲರ್ಕು ಹಿಂದಿನಿಂದ ನೂಕಿಯೇಬಿಟ್ಟ.

ಗುಮಾಸ್ತ ಬೀರುವಿನ ಹಿಂದೆ ಬಿದ್ದ ಕಡತದಂತೆ ಸದ್ದಿಲ್ಲದೆ ತಳ ಸೇರಿದ.

“ಉಸಿರು ಕಟ್ಟೋದ್ರಲ್ಲಿ ಪಳಗಿದ ಆಸಾಮಿ,” ಎಂದು ಹೆಡ್ ಕ್ಲರ್ಕು ಸುತ್ತಲಿದ್ದವರಿಗೆ ಹೆಮ್ಮೆಯಿಂದ ಹೇಳಿದ. ಗುಳ್ಳೆಗಳೂ ನಿಂತಾಗ ತರಬೇತುದಾರ ಧುಮುಕಿದ. ಮೇಲೆಳೆದು, ಬೋರಲು ಹಾಕಿ, ಬೆನ್ನು ಗುದ್ದಿ, ಅರ್ಧ ಕೊಳವನ್ನು ಹೊರಗೆ ಕಕ್ಕಿಸಿದ.

ಕಣ್ಣು ಬಿಟ್ಟ ಗುಮಾಸ್ತ ಅವನ ಕಾಲು ಹಿಡಿದುಕೊಂಡ. “ಅಪ್ಪನಿಗೆ ಹೆಚ್ಚು ದಿನ ಇಲ್ಲ ಸಾರ್. ಸುಳ್ಳು ಬರೀಬೇಡಿ, ಏನಾದ್ರೂ ಬರೀರಿ.”

ತರಬೇತುದಾರ ಯೋಚಿಸಿ ಬರೆದ: ‘ಇವರು ನೀರಿಗೆ ಇಳಿದಿದ್ದಾರೆ. ಮೇಲೆ ಬಂದಿದ್ದಾರೆ.’ ದೋಣಿ ಕಚೇರಿಯವರು ಓದದೆಯೇ ಸೀಲು ಗುದ್ದಿದರು.

ಸಂಜೆ ಕೆಂಗಣ್ಣು, ತೊಯ್ದ ಬಟ್ಟೆಯಲ್ಲಿ ಮನೆಗೆ ಬಂದ ಮಗನನ್ನು ಕಂಡು, ನಡೆದದ್ದು ಕೇಳಿ ಅಪ್ಪ ಹೌಹಾರಿದರು.

“ಈಜು ಬರದೋನು ಕೊಳಕ್ಕೆ ಯಾಕೋ ಇಳಿದೆ? ಹೆಚ್ಚುಕಮ್ಮಿ ಆಗಿದ್ರೆ?”

ಗುಮಾಸ್ತನಿಗೆ ಇನ್ನು ನಟಿಸಲು ತ್ರಾಣವಿರಲಿಲ್ಲ. “ಸಾಕಪ್ಪ, ಇನ್ನು ಮುಚ್ಚಿಡಬೇಡಿ. ಡಾಕ್ಟರು ಏನು ಹೇಳಿದ್ರು ಅಂತ ನಂಗೆ ಗೊತ್ತು.”

“ಗೊತ್ತಾ? ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ನಿಮ್ಮ ಮುಖ ನೋಡಿದ್ರೆ ಗೊತ್ತಾಗಲ್ವಾ?”

ಅಪ್ಪ ಮಗನ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

“ಗೊತ್ತಿದ್ದೂ ಇಷ್ಟು ದಿನ ನಗ್‌ನಗ್ತಾ ಇದ್ಯಲ್ಲೋ ಮಗಾ! ಆರು ತಿಂಗಳು ಅಂದ್ಬಿಟ್ರು ಕಣೋ. ನನ್ನ ಎದೆ ಕಲ್ಲುಗುಂಡಿನ ಹಾಗೆ ಗಟ್ಟಿ ಇದೆಯಂತೆ, ಏನು ಮಾಡ್ಲಿ ಅದನ್ನಿಟ್ಕೊಂಡು? ನಿನ್ನ ಬದಲು ನಾನು ಹೋಗಬಾರದಿತ್ತಾ?”

ಹೆಂಡತಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ತಲೆ ಒರೆಸ್ಕೊಳ್ರೀ,” ಎಂದಳು. “ಶೀತ ಆಗುತ್ತೆ.”