ಛತ್ತಿನ ಹಳೇ ಮಾಲು

ವ್ಯಾಪಾರ ಕುದುರಿಸುವಾಗ ಮನುಷ್ಯ ಎದುರಿನವನ ಕಣ್ಣು ನೋಡುತ್ತಾನೆ, ಹೆಚ್ಚೆಂದರೆ ಕೈ ನೋಡುತ್ತಾನೆ. ತಲೆ ಎತ್ತಿ ಮೇಲೆ ಮಾತ್ರ ನೋಡುವುದಿಲ್ಲ. ಮೇಲೆ ನೋಡಿದರೆ, ಇವನು ದೇವರನ್ನು ನೆನೆಯುತ್ತಿದ್ದಾನೆ, ಇನ್ನೇನು ಬಗ್ಗುತ್ತಾನೆ ಎಂದು ಎದುರಿನವನಿಗೆ ಗೊತ್ತಾಗಿಬಿಡುತ್ತದೆ. ಟಿಕೋಟಾ, ಬಬಲೇಶ್ವರದ ಸಂತೆಗಳಲ್ಲಿ ಸೈಕಲ್ಲಿಗೆ ಪೈಪಿನ ಸುರುಳಿ ಕಟ್ಟಿಕೊಂಡು ಮಾರಲು ಶುರುಮಾಡಿ, ಈಗ ಸೊಲ್ಲಾಪುರ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟಿರುವ ನನಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಮನೆ ಕೊಳ್ಳುವಾಗ ನಲ್ಲಿ ತಿರುವಿ ನೋಡಿದೆ, ಬಾಗಿಲು ಬಡಿದು ನೋಡಿದೆ, ನೆಲದ ಫರಸಿಯ ಮೇಲೆ ನೀರು ಸುರಿದು ಇಳಿಜಾರು ಎತ್ತ ಎಂದು ನೋಡಿದೆ. ಛತ್ತು ನೋಡಲಿಲ್ಲ.

ಗೃಹಪ್ರವೇಶದ ಮರುದಿನ ಉಂಡು ಅಂಗಾತ ಮಲಗಿದಾಗ ಅದು ಕಣ್ಣಿಗೆ ಬಿತ್ತು. ಮೊದಲಿನ ಮಾಲೀಕ ಶೋಕಿಯ ಮನುಷ್ಯ. ನಡುಕೋಣೆಯ ಛತ್ತಿಗೆ ದಾಣಿದಾಣಿಯಾದ ಲೇಪ ಹಚ್ಚಿಸಿದ್ದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಮೇಲೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಚಂದವೇ ಅನ್ನಿ, ಆದರೆ ಫ್ಯಾನು ಹಾಕಿದರೆ ಎಳ್ಳು ಉದುರುತ್ತಿತ್ತು. ಚಹಾದಲ್ಲಿ ಒಂದು, ಹಾಸಿಗೆಯ ಮೇಲೆ ನಾಲ್ಕು. ನಾನೊಬ್ಬನೇ ಆಗಿದ್ದರೆ ಕಪ್ಪಿನ ಮೇಲೆ ತಟ್ಟೆ ಮುಚ್ಚಿಕೊಂಡು ಆಯುಷ್ಯ ಕಳೆಯುತ್ತಿದ್ದೆ.

ಅಷ್ಟರಲ್ಲಿ ಹೊನವಾಡದಿಂದ ನಮ್ಮ ಅತ್ತೆ ಬಂದರು. ಅವರಿಗೆ ದಮ್ಮು. ಕೆಲವು ತಿಂಗಳು ಆಸ್ಪತ್ರೆಗೆ ಹತ್ತಿರದಲ್ಲೇ ಇರಲಿ ಎಂದು ಡಾಕ್ಟರು ಹೇಳಿದ್ದರು. ನಡುಕೋಣೆಯಲ್ಲೇ ಅವರ ಹಾಸಿಗೆ. ಇಳಿಯಬೇಕಾದ ಕೆಮ್ಮು ಏರುತ್ತಾ ಹೋಯಿತು. ಒಂದು ಬೆಳಿಗ್ಗೆ ಅವರು ಚೀಲ ಹಿಡಿದು ನಿಂತರು. “ಅಳಿಯಂದ್ರ, ನಿಮ್ಮ ಮನ್ಯಾಗ ರಾಶಿ ಮಾಡಿದಂಗ ಮ್ಯಾಲಿಂದ ಧೂಳ ಬೀಳ್ತೈತಿ. ಇದಕ್ಕಿಂತ ನಮ್ಮ ಊರ ಗಾಳಿನಽ ಛಲೋ” ಎಂದು ಬಸ್ಸು ಹತ್ತಿದರು.

ನನ್ನ ಹೆಂಡತಿ ಮಹಾದೇವಿ ನನ್ನ ಜೊತೆ ಚೌಕಾಶಿ ಮಾಡುವವಳೇ ಅಲ್ಲ, ಒಂದೇ ಮಾತು. “ನಮ್ಮವ್ವಗ ಉಸಿರಾಡಾಕ ಆಗವಲ್ದು, ನೀವು ತಟ್ಟಿ ಮುಚ್ಚಿಕೊಂಡ ಚಹಾ ಕುಡ್ಯಾಕತ್ತೀರಿ. ಛತ್ತ ಹಸನಾದ ದಿನ ಇಬ್ಬರೂ ಕೂಡಿ ಬರ್ತೇವಿ” ಎಂದು ಅವಳೂ ಮುಂದಿನ ಬಸ್ಸಿಗೆ ಹೊರಟಳು.

ಇಂಥ ಛತ್ತು ನಿಮ್ಮ ಮನೆಯಲ್ಲೂ ಇದ್ದರೆ ನನ್ನ ಮಾತು ಕೇಳಿ. ಮನೆ ಬಹಳ ಹಳೆಯದಾಗಿ, ಲೇಪದಲ್ಲಿ ಏನು ಬೆರೆತಿದೆಯೋ ಗೊತ್ತಿಲ್ಲದಿದ್ದರೆ ಕೆರೆಯಲು ಹೋಗಲೇಬೇಡಿ, ಬಲ್ಲವರಿಂದ ಪರೀಕ್ಷೆ ಮಾಡಿಸಿ. ಕಲ್ನಾರಿನ ಪುಡಿ ಎದೆಗೆ ಹೋದರೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ. ನಮ್ಮದು ಈಚೆಗೆ ಕಟ್ಟಿದ ಮನೆ, ಲೇಪದ ಉಳಿದ ಚೀಲ ಅಟ್ಟದ ಮೇಲೇ ಇತ್ತು, ಏನೇನು ಬೆರೆತಿದೆ ಎಂದು ಅದರ ಮೇಲೆ ಬರೆದಿತ್ತು, ನನಗೆ ಆ ಭಯವಿರಲಿಲ್ಲ. ಮೊದಲು ಮೂಲೆಯಲ್ಲಿ ಸ್ವಲ್ಪ ನೀರು ಚಿಮುಕಿಸಿ ನೋಡಿ. ನೀರು ಹೀರಿ ಮೆತ್ತಗಾದರೆ ಕೆರೆಯಬಹುದು. ಮೇಲೆ ಎಣ್ಣೆಬಣ್ಣ ಬಳಿದಿದ್ದು ನೀರು ಜಾರಿಹೋದರೆ ಕೆರೆಯುವ ಹಟ ಬಿಟ್ಟು ಕೆಳಗಿನಿಂದ ಬೋರ್ಡು ಹೊಡೆಸಿ ಮುಚ್ಚಿಬಿಡಿ. ಕೆರೆಯುವುದಾದರೆ ಕರೆಂಟು ತೆಗೆಸಿ, ಫ್ಯಾನು ಇಳಿಸಿ, ನೆಲಕ್ಕೂ ಗೋಡೆಗೂ ಪ್ಲಾಸ್ಟಿಕ್ ಹಾಸಿ, ಒಳ್ಳೆಯ ಮಾಸ್ಕ್ ಹಾಕಿ. ಟವೆಲ್ಲು ಸುತ್ತಿಕೊಳ್ಳುವುದು ಫೋಟೋಕ್ಕೆ ಸರಿ, ಧೂಳಿಗಲ್ಲ. ಆಮೇಲೆ ಒಣ ಕಸಬರಿಗೆ ಮುಟ್ಟಬೇಡಿ, ಒದ್ದೆ ಅರಿವೆಯಿಂದ ಒರೆಸಿ.

ಇದನ್ನೆಲ್ಲ ಗೌಂಡಿ ಮಲ್ಲೇಶಿಗೆ ಹೇಳಿ, ಇಡೀ ಕೆಲಸಕ್ಕೆ ಒಂದೇ ಗುತ್ತಾ ಮಾತಾಡಿದೆ. ಅವನು ಕೇಳಿದ್ದರಲ್ಲಿ ಇಳಿಸಬೇಕಾದಷ್ಟು ಇಳಿಸಿದೆ. ಅವನು ಒಪ್ಪಿದ. ಎದುರಿನವನು ಸುಲಭವಾಗಿ ಒಪ್ಪಿದರೆ ನನಗೆ ಏನೋ ಬಿಟ್ಟುಬಿಟ್ಟೆ ಅನ್ನಿಸುತ್ತದೆ. ನಮ್ಮ ಕಡೆ ಹಳೇ ಮನೆ ಕೆಡವಿಸುವಾಗ ತೊಲೆ, ಜಂತಿ, ಕಲ್ಲು ಯಾರಿಗೆ ಎಂದು ಮೊದಲೇ ಮಾತಾಡಿಕೊಳ್ಳುವುದು ರೂಢಿ. ಆ ರೂಢಿ ಬಾಯಿಗೆ ಬಂತು. “ಮಲ್ಲೇಶಿ, ಇನ್ನೊಂದು ಮಾತು. ತೆಗೆದ ಹಳೇ ಮಾಲ ಎಲ್ಲಾ ನಮ್ಮದು.”

ಮಲ್ಲೇಶಿ ಛತ್ತನ್ನು ನೋಡಿದ, ನನ್ನನ್ನು ನೋಡಿದ. “ಆತ್ರಿ ಅಣ್ಣಾರ. ಒಂದ ದಾಣಿ ಸೈತ ನಾ ಮುಟ್ಟಂಗಿಲ್ಲ.”

ಮಾತಿಗೆ ತಪ್ಪದ ಮನುಷ್ಯ. ಕೆಲಸ ಅಚ್ಚುಕಟ್ಟಾಗಿ ಮುಗಿಸಿದ, ಛತ್ತು ಬೆಣ್ಣೆಯ ಹಾಗೆ ನುಣುಪಾಯಿತು. ಕೆರೆದ ರಾಡಿಯನ್ನೆಲ್ಲ ಚೀಲಗಳಿಗೆ ತುಂಬಿ, ನಡುಕೋಣೆಯ ಕಿಟಕಿಯ ಕೆಳಗೇ ಸಾಲಾಗಿ ನಿಲ್ಲಿಸಿ ಕೈತೊಳೆದುಕೊಂಡ. ಇವನ್ನು ಒಯ್ಯಿ ಎಂದರೆ ಕಣ್ಣರಳಿಸಿದ. “ನಿಮ್ಮ ಮಾಲ ನಾ ಹೆಂಗ ಒಯ್ಯಲ್ರಿ? ನಾಳೆ ಮಂದಿ ಏನಂದಾರು?”

ಅಷ್ಟೊತ್ತಿಗೆ ಮಹಾದೇವಿಯ ಫೋನು. ಛತ್ತಿನ ಫೋಟೋ ನೋಡಿ ಅತ್ತೆಗೆ ಸಮಾಧಾನವಾಗಿದೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತಾರಂತೆ. ಚೀಲದ ರಾಡಿ ಒಣಗಿದರೆ ಮೇಲಿಂದ ಬೀಳುತ್ತಿದ್ದ ಧೂಳು ಇನ್ನು ಕಿಟಕಿಯಿಂದ ಬರುತ್ತದೆ. ನಮ್ಮ ಊರಿನ ಬಿಸಿಲೂ ಗಾಳಿಯೂ ಇಂಥ ಕೆಲಸದಲ್ಲಿ ಬಹಳ ಚುರುಕು. ಒಣಗದಿರಲಿ ಎಂದು ಚೀಲಗಳಿಗೆ ಕೊಡದಿಂದ ನೀರು ಹಾಕುತ್ತಾ ನಿಂತೆ. ಪಕ್ಕದ ಮನೆಯ ಕಾಕಾ ಗೋಡೆಯ ಮೇಲಿಂದ ಇಣುಕಿದರು. “ಏನ್ ನಾಟಿ ಮಾಡೀರಿ ತಮ್ಮಾ?”

“ಹಳೇ ಮಾಲ್ರಿ ಕಾಕಾ.”

“ನಾಟತೈತೇನು?”

ಕೊಡ ಕೆಳಗಿಟ್ಟು ಮಲ್ಲೇಶಿಗೆ ಫೋನು ಮಾಡಿದೆ. ಅವನದು ತಣ್ಣನೆಯ ದನಿ. “ಒಯ್ತೇನ್ರಿ, ಅದಕ್ಕೇನು. ಪಾಲಿಕೆಯವರು ತೋರಿಸಿದ ಜಾಗಾಕ್ಕ ಹಾಕಿ ಬರ್ತೇನಿ. ಆದ್ರ ಇದು ಬ್ಯಾರೆ ಗುತ್ತಾರಿ ಅಣ್ಣಾರ.” ಆಮೇಲೆ ಒಂದು ಅಂಕಿ ಹೇಳಿದ. ನಾನು ಅಭ್ಯಾಸದಂತೆ ಬಾಯಿ ತೆರೆದೆ. ಅತ್ತೆಯ ಕೆಮ್ಮು ಕಿವಿಯಲ್ಲಿ ಕೇಳಿಸಿದ ಹಾಗಾಯಿತು. ಜೀವನದಲ್ಲಿ ಮೊದಲ ಸಲ, ಕೇಳಿದ್ದಕ್ಕೆ ಹೂಂ ಅಂದೆ. ಆ ಕಡೆ ಮಲ್ಲೇಶಿಯೇ ಗಾಬರಿಯಾಗಿ, “ಆರಾಮ ಅದೀರಿಲ್ರಿ?” ಎಂದು ಕೇಳಿದ.

ಅತ್ತೆ ಬಂದು ವಾರ ಕಳೆಯಿತು. ಕೆಮ್ಮು ಇಳಿದಿದೆ. ಮಧ್ಯಾಹ್ನ ಉಂಡು ಮಲಗಿದರೆ ಗಾಢ ನಿದ್ದೆ, ಜೊತೆಗೆ ಗೊರಕೆ. ಹುಟ್ಟಿದಾಗಿನಿಂದ ಗೋಳಗುಮ್ಮಟದ ಊರಿನಲ್ಲಿದ್ದೂ, ಛತ್ತು ಬೋಳಾದರೆ ಸದ್ದು ಕೆಳಗೆ ವಾಪಸ್ ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಆ ದಾಣಿಗಳು ಧೂಳು ಉದುರಿಸುತ್ತಿದ್ದರೂ ಸದ್ದನ್ನು ನುಂಗಿಕೊಳ್ಳುತ್ತಿದ್ದವಂತೆ. ಈಗ ಅತ್ತೆ ಒಂದು ಸಲ ಗೊರೆದರೆ ಮನೆ ಹಲವು ಸಲ ಗೊರೆಯುತ್ತದೆ. “ಕೇಳ್ರಿ, ಅವ್ವನ ಉಸಿರ ಎಷ್ಟ ಛಲೋ ಆಡಾಕತ್ತೈತಿ” ಎಂದು ಮಹಾದೇವಿ ಕಣ್ಣು ತುಂಬಿಕೊಳ್ಳುತ್ತಾಳೆ. ಕೇಳುತ್ತಿದ್ದೇನೆ. ದಿಂಬು ಎತ್ತಿಕೊಂಡು ಅಂಗಡಿಗೆ ಹೋಗಿ, ಪೈಪಿನ ಸುರುಳಿಗಳ ನಡುವೆ ಮಲಗಿದಾಗಲೂ ಕೇಳುತ್ತಿದೆಯೇನೋ ಅನ್ನಿಸುತ್ತದೆ. ಉಸಿರು ಸರಿಹೋಗಬೇಕು ಎಂದಷ್ಟೇ ಕೇಳಿದ್ದೆ, ದನಿ ಎಷ್ಟಿರಬೇಕೆಂದು ಮಾತಾಡಿಕೊಂಡಿರಲಿಲ್ಲ.