ಟವೆಲ್ ಹಾಕಿದವರಿಗೇ ರನ್‌ವೇ

ಹಿಡಕಲ್ ಬಯಲಿನ ಪ್ರಥಮ ವಿಮಾನ ಮೇಳಕ್ಕೆ ಎಪ್ಪತ್ತೊಂದು ಸಣ್ಣ ವಿಮಾನಗಳು ಬರತಕ್ಕದ್ದೆಂದೂ, ಅವೆಲ್ಲ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಇಳಿಯತಕ್ಕದ್ದೆಂದೂ ಮೇಳದ ಸಮಿತಿಯು ಸರ್ವಾನುಮತದಿಂದ ಠರಾವು ಮಾಡಿತು. ಹೇಗೆ ಎಂಬುದು ಸಭೆಯ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಕಲ್ಲೋಳಿಯ ಹೊಸ ಪೈಲಟ್ ಫಿರದೋಸಳಿಗೆ ಆಗಿದ್ದುದು ಬರೀ ಅರವತ್ತೆರಡು ತಾಸಿನ ಹಾರಾಟ. ಹೀಗಾಗಿ ಪಾಪ, ಎರಡು ತಿಂಗಳು ತಯಾರಿ ನಡೆಸಿದಳು. ನಲವತ್ತು ಪುಟದ ನಿಯಮಾವಳಿ ಬಾಯಿಪಾಠ ಮಾಡಿದಳು: ಹಿಡಕಲ್ ಜಲಾಶಯದ ಮೇಲೆ ಒಂದರ ಹಿಂದೊಂದು ಬರಬೇಕು, ಕರೆದಾಗ ರೆಕ್ಕೆ ಅಲ್ಲಾಡಿಸಬೇಕು, ಕೇಳಿದ ಹೊರತು ರೇಡಿಯೋದಲ್ಲಿ ಬಾಯಿ ಬಿಡಬಾರದು, ಎರಡು ಸುತ್ತಿನಲ್ಲಿ ಇಳಿಯದವರು ಬಂದ ದಾರಿ ಹಿಡಿಯಬೇಕು. ಅಂಗಳದಲ್ಲಿ ಸುಣ್ಣದಿಂದ ರನ್‌ವೇ ಬರೆದು, ಎರಡೂ ಕೈ ಚಾಚಿ, ಕೋಳಿಗಳ ನಡುವೆ ಇಳಿದಿಳಿದು ನೋಡಿದಳು. ಅಜ್ಜಿ ಖಾತುನಬಿ ಈ ಸುದ್ದಿಯನ್ನು ಅರ್ಧ ಊರಿಗೆ ಮುಟ್ಟಿಸಿ, ಅವರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಮೇಳಕ್ಕೆ ಕರೆದುಕೊಂಡು ಬಂದಿದ್ದಳು. ಇಳಿಯದೆ ವಾಪಸಾದರೆ ಊರಲ್ಲಿ ಮುಖ ಎತ್ತುವ ಹಾಗಿರಲಿಲ್ಲ.

ಮೇಳದ ದಿನ ಫಿರದೋಸ ಜಲಾಶಯ ದಾಟಿ, ಕರೆದಾಗ ನಿಯಮದ ಪ್ರಕಾರ ರೆಕ್ಕೆ ಅಲ್ಲಾಡಿಸಿದಳು. ರೇಡಿಯೋದಲ್ಲಿ ನಿಯಂತ್ರಕ ಶಿವಪುತ್ರನ ದನಿ ಬಂತು. ಮೂವತ್ತು ವರ್ಷ ಬಸ್ ನಿಲ್ದಾಣ ಸಂಭಾಳಿಸಿ ನಿವೃತ್ತನಾದವನು. ಆ ಅನುಭವ ನೋಡಿಯೇ ಸಮಿತಿ ಅವನ ಕೈಗೆ ಮೈಕು ಕೊಟ್ಟಿತ್ತು.

"ಹಳದಿ ವಿಮಾನದವರ, ಟವೆಲ್ ಹಾಕೀರೇನ್ರಿ?"

ಕೆಳಗೆ ನೋಡಿದರೆ ರನ್‌ವೇ ಅಂಚಿನುದ್ದಕ್ಕೂ ಟವೆಲ್ಲುಗಳು. ಉಳಿದ ಪೈಲಟ್ಟರ ಕಾಕಾ, ಮಾಮಾಗಳು ಮುಂಜಾನೆಯೇ ಬಂದು, ಟವೆಲ್ ಹಾಸಿ, ಮೇಲೆ ಕಲ್ಲಿಟ್ಟು ಇಳಿಯುವ ಜಾಗ ಹಿಡಿದಿದ್ದರು. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಪದ್ಧತಿಯನ್ನು ಮೇಳಕ್ಕೂ ವಿಸ್ತರಿಸಲಾಗಿದೆಯೆಂದು ಸಮಿತಿ ಅಂದು ಮುಂಜಾನೆಯಷ್ಟೇ ಪ್ರಕಟಿಸಿತ್ತು.

"ಇಲ್ರಿ ಕಾಕಾ. ನಿಯಮಾವಳಿಯೊಳಗ ಟವೆಲ್ ಅಂತ ಬರದಿಲ್ಲಲ್ರಿ."

"ಬಸ್ಸಿನ್ಯಾಗೂ ಬರದಿಲ್ಲ ತಂಗಿ. ಮಂದಿ ಪಾಲಿಸ್ತಾರೋ ಇಲ್ಲೋ? ಒಂದು ಸುತ್ತ ಹೊಡಕೊಂಡ ಬಾ."

ಒಂದು ಸುತ್ತಾಯಿತು. ಎರಡನೆಯದು ಅರ್ಧವಾಗುವಾಗ ಫಿರದೋಸಳ ಕಣ್ಣು ತುಂಬಿತು. ಅಷ್ಟರಲ್ಲಿ ರೇಡಿಯೋದಲ್ಲಿ ಶಿವಪುತ್ರನ ಪಕ್ಕದಿಂದ ಬೇರೊಂದು ದನಿ ಕೇಳಿತು.

"ಏ ಶಿವಪುತ್ರ! ಇಲ್ಲಿ ನೋಡಪಾ, ರೊಟ್ಟಿ ಕಟ್ಟಿದ ಅರಿವಿ ಹಾಸೀನಿ. ಇಳಸು ನನ್ನ ಮೊಮ್ಮಗಳನ್ನ!"

ಶಿವಪುತ್ರ ಅರಿವೆಯನ್ನು ಪರಿಶೀಲಿಸಿ, ಟವೆಲ್ಲಿಗೆ ಸಮಾನವೆಂದು ಮಾನ್ಯ ಮಾಡಿದ. "ಜಾಗಾ ಹಿಡದಾರ. ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್!"

ವಿಮಾನ ಅರಿವೆಯ ಪಕ್ಕದಲ್ಲೇ ಮೆತ್ತಗೆ ಇಳಿದು ನಿಂತಿತು. ಫಿರದೋಸಳಿಗೆ ಕುಣಿಯುವಷ್ಟು ಖುಷಿಯಾಯಿತು.

ಸಂಜೆ ಸನ್ಮಾನ. ಜಾಗ ಯಾರು ಹಿಡಿದರೋ ಇಳಿದವರು ಅವರೇ ಎಂಬ ನಿಯಮದಂತೆ, ಸುರಕ್ಷಿತವಾಗಿ ಇಳಿದ ಪ್ರಮಾಣಪತ್ರವನ್ನೂ ಶಾಲನ್ನೂ ಖಾತುನಬಿಗೆ ನೀಡಲಾಯಿತು. ಯಾರೂ ತಕರಾರು ಮಾಡಲಿಲ್ಲ. ಎರಡು ಮಾತಾಡಿರೆಂದು ಅವಳ ಮುಂದೆ ಮೈಕು ಹಿಡಿದರು.

"ಮೊದಲನೇ ಸಲ ಇಳದೀನ್ರಿ," ಎಂದಳು ಖಾತುನಬಿ. "ಆದ್ರೂ ಅಂಜಿಕಿ ಬರಲಿಲ್ಲ."

ಪ್ರಮಾಣಪತ್ರಕ್ಕೆ ಒಬ್ಬ ಪ್ರತ್ಯಕ್ಷ ಸಾಕ್ಷಿ ಬೇಕಿತ್ತು. ಫಿರದೋಸ ಸಹಿ ಹಾಕಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.