ದೊರೆ ಹಳ್ಳಿಗೆ ಹೋದ ಸುದ್ದಿ

ಅಂಪೊಫೊ: "ಹೋಗಿದ್ದಾರೆ" ಅಂದೆ, ಸರಿ. "ಹಳ್ಳಿಗೆ" ಅಂತ ಯಾಕಂದೆ ತಾಯಿ?

ಸೆರ್ವಾ: ಹಳ್ಳಿಗೇ ಹೋಗಿದ್ರಲ್ಲ ಅಜ್ಜ! ಕೋಕೋ ತೋಟ ನೋಡೋಕೆ!

ಅಂಪೊಫೊ: ನೀನು ಹೋದ್ರೆ ತೋಟ ನೋಡೋಕೆ. ದೊರೆ ಹಳ್ಳಿಗೆ ಹೋದ್ರು ಅಂದ್ರೆ ಏನರ್ಥ ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು!

ಸೆರ್ವಾಳಿಗೂ ಗೊತ್ತಿತ್ತು. ಘಾನಾದ ಕುಮಾಸಿಯಲ್ಲೇ ಹುಟ್ಟಿ ಬೆಳೆದವಳು. ದೊರೆ ಸತ್ತರು ಎಂದು ಇಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹಳ್ಳಿಗೆ ಹೋದರು ಎನ್ನುತ್ತಾರೆ. ಆದರೆ ಅವಳು ಓದುತ್ತಿದ್ದ ಟೀವಿಯ ಮಧ್ಯಾಹ್ನದ ವಾರ್ತೆ ಮುಗಿಯಲು ಆರೇ ಸೆಕೆಂಡು ಉಳಿದಿತ್ತು. ಕೈಗೆ ಬಂದ ಇಂಗ್ಲಿಷ್ ಚೀಟಿಯನ್ನು ಊರಿನ ತ್ವಿ ಭಾಷೆಗೆ ತಿರುಗಿಸಿ, "ದೊರೆ ನಾನಾ ಯಿಯಾಡೊಮ್ ಹಳ್ಳಿಗೆ ಹೋಗಿರುವುದರಿಂದ ನಾಳಿನ ಶಾಲೆಯ ಉದ್ಘಾಟನೆ ಮುಂದಕ್ಕೆ ಹೋಗಿದೆ" ಎಂದು ನಗುನಗುತ್ತಾ ಓದಿಬಿಟ್ಟಳು. ಗಂಟೆಯೊಳಗೆ ಸಂತೆ ಬಂದ್. ಊರೆಲ್ಲ ಸೂತಕದ ಕೆಂಪು ಕಪ್ಪು ಬಟ್ಟೆ ಉಟ್ಟು ಡೋಲು ಬಡಿಯತೊಡಗಿತು.

ಈಗ ಐದೂ ಮುಕ್ಕಾಲು. ಆರರ ವಾರ್ತೆಯಲ್ಲಿ ಇದನ್ನು ಸರಿ ಮಾಡದಿದ್ದರೆ ಕಳೆದುಹೋದ ಮೇಕೆಗಳ ಪ್ರಕಟಣೆ ಓದಲು ವಾಪಸ್ ಕಳಿಸುತ್ತೇನೆ ಎಂದು ಮ್ಯಾನೇಜರ್ ಗುಡುಗಿದ್ದ. ಮೇಕೆಯಿಂದ ಹವಾಮಾನಕ್ಕೆ ಬರಲು ಅವಳಿಗೆ ಐದು ವರ್ಷ ಹಿಡಿದಿತ್ತು, ಹವಾಮಾನದಿಂದ ವಾರ್ತೆಯ ಕುರ್ಚಿಗೆ ಏಳು.

ಸದ್ಯಕ್ಕೆ, ತೋಟದಿಂದ ಧಾವಿಸಿ ಬಂದಿದ್ದ ದೊರೆ ಮೇಕಪ್ ಕೋಣೆಯ ಕುರ್ಚಿಯಲ್ಲಿ ಮೈತುಂಬ ಚಿನ್ನ ಹೇರಿಕೊಂಡು ಗುಂಡುಕಲ್ಲಿನ ಹಾಗೆ ಕೂತಿದ್ದರು. ಅವರೊಡನೆ ನೇರ ಮಾತಾಡುವಂತಿಲ್ಲ. ಏನಿದ್ದರೂ ಅವರ ಮಾತುಗಾರ ಅಂಪೊಫೊ ಅಜ್ಜನ ಮೂಲಕವೇ.

ಸೆರ್ವಾ: ಹೀಗೆ ಓದ್ಲಾ? "ದೊರೆ ಸತ್ತಿಲ್ಲ."

ಅಂಪೊಫೊ: (ಕಿವಿ ಮುಚ್ಚಿಕೊಂಡು) ಅಯ್ಯಯ್ಯೋ, ಎಂಥ ಮಾತಾಡ್ತೀಯ! ದೊರೆ ಹೆಸರಿನ ಪಕ್ಕ ಆ ಪದಾನಾ? ಒಂದು ಕುರಿ ದಂಡ!

ಸೆರ್ವಾ: "ಇಲ್ಲ" ಅಂತಾನೂ ಅಂದ್ನಲ್ಲ!

ಅಂಪೊಫೊ: "ಇಲ್ಲ" ಅಂದ್ರೆ ಕುರಿ ಕಮ್ಮಿ ಆಗಲ್ಲ.

ಸೆರ್ವಾ: "ಹಳ್ಳಿಯಿಂದ ವಾಪಸ್ ಬಂದ್ರು"?

ಅಂಪೊಫೊ: ಆ ಹಳ್ಳಿಯಿಂದ ಯಾರಾದ್ರೂ ವಾಪಸ್ ಬರ್ತಾರಾ? ಈಗ ಅಳ್ತಿರೋರು ಆಮೇಲೆ ಊರು ಬಿಟ್ಟು ಓಡ್ತಾರೆ.

ಸೆರ್ವಾ: "ದೊರೆ ಕ್ಷೇಮವಾಗಿದ್ದಾರೆ"?

ಅಂಪೊಫೊ: ಮಣ್ಣು ಮಾಡೋವಾಗೆಲ್ಲ ಪಾದ್ರಿ ಹೇಳೋದು ಅದನ್ನೇ, ದೇವರ ಹತ್ರ ಕ್ಷೇಮ ಅಂತ.

ಸೆರ್ವಾ: ಹಾಗಾದ್ರೆ ಓದೋದೇ ಬೇಡ. ಕ್ಯಾಮೆರಾ ಮುಂದೆ ಅವರನ್ನೇ ಕೂರಿಸೋಣ. ಜನ ಕಣ್ಣಾರೆ ನೋಡ್ಲಿ!

ದೊರೆ ಅಜ್ಜನ ಕಿವಿಯಲ್ಲಿ ಪಿಸುಗುಟ್ಟಿದರು.

ಅಂಪೊಫೊ: ಪೌಡರ್ ಹಚ್ತೀರಾ ಅಂತ ಕೇಳ್ತಿದಾರೆ.

ಸೆರ್ವಾ: ಧಾರಾಳವಾಗಿ!

ಆರು ಗಂಟೆಗೆ ವಾರ್ತೆ ಶುರುವಾಯಿತು. ದೊರೆ ಅಜ್ಜನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ರೆಪ್ಪೆ ಕೂಡ ಅಲ್ಲಾಡಿಸದೆ ಗಾಂಭೀರ್ಯದಿಂದ ಕೂತರು. ನಿಮಿಷ ಕಳೆಯುವಷ್ಟರಲ್ಲಿ ಸೆರ್ವಾಳ ಕಿವಿಯಲ್ಲಿ ಸಿಕ್ಕಿಸಿದ್ದ ಯಂತ್ರ ಕಿರುಚಿತು.

ಮ್ಯಾನೇಜರ್: ಹೆಣಾನೇ ತಂದು ಕೂರಿಸಿದೀಯೇನೇ! "ಎಷ್ಟು ಲಕ್ಷಣವಾಗಿ ಸಿಂಗಾರ ಮಾಡಿದಾರೆ" ಅಂತ ಜನ ಫೋನ್ ಮಾಡಿ ಹೊಗಳ್ತಿದಾರೆ!

ದೊಡ್ಡವರು ಹೋದಾಗ ಹೀಗೇ ಪೌಡರ್ ಹಚ್ಚಿ, ಚಿನ್ನ ತೊಡಿಸಿ ಕುರ್ಚಿಯಲ್ಲಿ ಕೂರಿಸುವ ರೂಢಿ ಇದೆಯೆಂದು ಅವಳಿಗೆ ಆಗ ನೆನಪಾಯಿತು.

ಸೆರ್ವಾ: (ಮೈಕ್ ಮುಚ್ಚಿ) ಅಜ್ಜ, ಒಂಚೂರು ಅಲ್ಲಾಡೋಕೆ ಹೇಳಿ!

ಅಂಪೊಫೊ: ದೊರೆಗಳು ಅಲ್ಲಾಡಲ್ಲ.

ಸೆರ್ವಾ: ಒಂದು ಮಾತಾದ್ರೂ ಆಡ್ಲಿ!

ಅಂಪೊಫೊ: ಅದಕ್ಕೆ ನಾನಿದೀನಲ್ಲ. (ಕ್ಯಾಮೆರಾಗೆ) ಮಹಾಜನರೇ, ದೊರೆ ನಿಮ್ಮನ್ನೆಲ್ಲ ಹರಸ್ತಿದಾರೆ!

ಮ್ಯಾನೇಜರ್: ಆ ಲೋಕದಿಂದಲೇ ಹರಸ್ತಿದಾರೆ ಅಂತ ಜನ ಎದೆ ಬಡ್ಕೊಂಡು ಅಳ್ತಿದಾರೆ! ಮೇಕೆ ಪಟ್ಟಿ ಕಳಿಸ್ತಿದೀನಿ, ಓದು!

ಪಟ್ಟಿ ಬಂದು ಮೇಜಿನ ಮೇಲೆ ಬಿತ್ತು. ಸೆರ್ವಾಳಿಗೆ ಅಳು ಒತ್ತರಿಸಿ ಬಂತು, ಹಿಂದೆಯೇ ಸಿಟ್ಟೂ ಬಂತು. ಹನ್ನೆರಡು ವರ್ಷದ ದುಡಿಮೆ! ಅವಳು ಅಜ್ಜನನ್ನು ಬಿಟ್ಟು ಸೀದಾ ದೊರೆಯ ಕಡೆ ತಿರುಗಿದಳು.

ಸೆರ್ವಾ: ದೊರೆಗಳೇ, ನಿಮ್ಮ ಪಟ್ಟದ ಪೀಠದ ಮೇಲೆ, ಮುಂದಿನ ಪಟ್ಟಕ್ಕೆ ಕಾದಿರೋ ನಿಮ್ಮ ತಂಗಿ ಮಗ ಮಧ್ಯಾಹ್ನಾನೇ ಕೂತು ನೋಡಿದ್ನಂತೆ!

ದೊರೆ: (ಚಂಗನೆ ಎದ್ದು) ಯಾರು? ಆ ಸೋಮಾರಿನಾ? ನನ್ನ ಪೀಠದ ಮೇಲೆ ಆ ಡೊಳ್ಳನ ಅಂಡಾ?

ಕಿರೀಟ ಜಾರಿ ಮೂಗಿಗೆ ಬಂತು. ಹೊರಗೆ ಡೋಲು ಗಕ್ಕನೆ ನಿಂತಿತು. ಊರಿಗೆ ಊರೇ ನಕ್ಕ ಸದ್ದು ಸ್ಟುಡಿಯೋದ ಗೋಡೆ ದಾಟಿ ಕೇಳಿಸಿತು.

ಸೆರ್ವಾ: ಯಾರೂ ಕೂತಿಲ್ಲ ದೊರೆಗಳೇ. ತಪ್ಪಾಯ್ತು.

ಮ್ಯಾನೇಜರ್: ಭೇಷ್ ಕಣೇ! ಕುರ್ಚಿ ನಿಂದೇ! ಪಟ್ಟಿ ಹರಿದುಹಾಕು!

ಅಂಪೊಫೊ: ದೊರೆ ಜೊತೆ ನೇರ ಮಾತು! ಇನ್ನೊಂದು ಕುರಿ. ಒಟ್ಟು ಎರಡು.

ಸೆರ್ವಾ: (ಕ್ಯಾಮೆರಾಗೆ ನಗುತ್ತಾ) ಸಂತೋಷವಾಗಿ ಕೊಡ್ತೀನಿ ಅಜ್ಜ. ಎಲ್ಲಿಗೆ ತರ್ಲಿ, ಅರಮನೆಗಾ?

ಅಜ್ಜ ಬಾಯಿ ತೆರೆಯುವ ಮೊದಲೇ, ಮೂವತ್ತು ವರ್ಷದ ಮೇಲೆ ಸ್ವಂತ ಬಾಯಲ್ಲಿ ಮಾತಾಡಿದ ರುಚಿ ಹತ್ತಿದ್ದ ದೊರೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

ದೊರೆ: ಅರಮನೆಗೆ ಬೇಡಮ್ಮ. ತೋಟದ ಕೆಲಸ ಅರ್ಧಕ್ಕೇ ನಿಂತಿದೆ. ನಾಳೆ ಬೆಳಿಗ್ಗೇನೇ ನಾನು ಹಳ್ಳಿಗೆ ಹೋಗ್ತಿದೀನಿ, ಅಲ್ಲಿಗೇ ತಾ!

ಹೊರಗೆ ಡೋಲು ಮತ್ತೆ ಶುರುವಾಯಿತು.

ಸೆರ್ವಾ ಗಂಟಲು ಸರಿಮಾಡಿಕೊಂಡು ಪಟ್ಟಿಯನ್ನು ಕೈಗೆತ್ತಿಕೊಂಡಳು.

ಸೆರ್ವಾ: ಬಿಳಿ ಮೇಕೆ, ಒಂದು ಕಿವಿ ಕಪ್ಪು...